ಬೆಳಕು ಹಿಡಿದವನ ಪಾಲು

ಒಂದು ಕೆಲಸ ಚೆನ್ನಾಗಿ ನಡೆದರೆ ಅದರ ಕೀರ್ತಿ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಹೊಸದೇನಲ್ಲ. ಆದರೆ ಈಗೀಗ ಅದು ನಮ್ಮ ಮನೆಗಳಿಗೆ ಒಂದು ಹೊಸ ಬಾಗಿಲಿನಿಂದ ಬರತೊಡಗಿದೆ. ಹಿಂದೆ ಮುಂಬಯಿ ಕನ್ನಡಿಗರ ಮಕ್ಕಳು ಬ್ಯಾಂಕು, ಲೆಕ್ಕಪತ್ರ, ಇಂಜಿನಿಯರಿಂಗು ಎಂದು ಹೊರಡುತ್ತಿದ್ದರು. ಈಗ ಡೊಂಬಿವಲಿಯಿಂದಲೋ ಮುಲುಂಡಿನಿಂದಲೋ ಗೋರೆಗಾಂವಿನಿಂದಲೋ ಬೆಳಗಿನ ಲೋಕಲ್ ಹಿಡಿದು ಛಾಯಾಗ್ರಹಣ ಕಲಿಯಲು ಹೋಗುವ ಹುಡುಗ ಹುಡುಗಿಯರೂ ನಮ್ಮಲ್ಲಿದ್ದಾರೆ. ಸಂಜೆ ದಣಿದು ಬಂದ ಮಗಳನ್ನು "ಇವತ್ತು ಏನು ಕಲಿತೆ?" ಎಂದು ಕೇಳಿದರೆ, "ಏನಿಲ್ಲ, ಕ್ಲಾಸಿನ ಇನ್ನೊಬ್ಬಳಿಗೆ ಲೈಟು ಹಿಡಿದೆ" ಎಂಬ ಉತ್ತರ ಬರುತ್ತದೆ. ತಂದೆಗೆ ಅಸಮಾಧಾನ. ಇಷ್ಟು ಫೀಸು ಕಟ್ಟಿದ್ದು ಇನ್ನೊಬ್ಬರ ಮಗಳಿಗೆ ಲೈಟು ಹಿಡಿಯುವುದಕ್ಕೇ? ಮಾರ್ಕು ಬರುವುದು ಅವಳಿಗೆ, ಪ್ರದರ್ಶನದಲ್ಲಿ ಹೆಸರು ಬರುವುದು ಅವಳಿಗೆ, ನಿನಗೇನು ಬಂತು?

ಈ ಅಸಮಾಧಾನವನ್ನು ನಾವು ಲಘುವಾಗಿ ತಳ್ಳಿಹಾಕುವಂತಿಲ್ಲ. ಅದರೊಳಗೆ ಒಂದು ನಿಜವಾದ ನೈತಿಕ ಪ್ರಶ್ನೆಯಿದೆ. ನೆರವು ನೀಡಿದವನಿಗೂ ನೆರವು ಪಡೆದವನಿಗೂ ಇರುವ ಸಂಬಂಧವೇನು? ಹೆಸರು ಒಬ್ಬರದಾದ ಕೆಲಸದಲ್ಲಿ ಉಳಿದವರ ಪಾಲೆಷ್ಟು? ಈ ತಿಂಗಳು ಇದನ್ನೇ ಸ್ವಲ್ಪ ಯೋಚಿಸಿ ನೋಡೋಣ.

ಮೊದಲು ಕೆಲಸದ ಸ್ವರೂಪವನ್ನು ತಿಳಿಯಬೇಕು. ಸ್ಟುಡಿಯೋದಲ್ಲಿ ಮುಖದ ಚಿತ್ರ ತೆಗೆಯುವಾಗ ಸಾಮಾನ್ಯವಾಗಿ ಒಂದು ಮುಖ್ಯ ದೀಪವಿರುತ್ತದೆ. ಅದು ಕ್ಯಾಮೆರಾದ ಒಂದು ಪಕ್ಕದಲ್ಲಿ, ಕುಳಿತವರ ಕಣ್ಣಿಗಿಂತ ಸ್ವಲ್ಪ ಎತ್ತರದಲ್ಲಿ ನಿಲ್ಲುತ್ತದೆ. ಅದರಿಂದ ಬಿದ್ದ ನೆರಳನ್ನು ಹದಗೊಳಿಸಲು ಇನ್ನೊಂದು ಮೆಲುದೀಪ ಅಥವಾ ಬೆಳಕನ್ನು ಹಿಂದಿರುಗಿಸುವ ಬಿಳಿಯ ಹಲಗೆ. ತಲೆಗೂದಲು ಹಿನ್ನೆಲೆಯ ಕಪ್ಪಿನಲ್ಲಿ ಕರಗಿಹೋಗದಂತೆ ಹಿಂದಿನಿಂದ ಮತ್ತೊಂದು ದೀಪ. ಬೆಳಕಿನ ಸ್ವಭಾವ ವಿಚಿತ್ರವಾದುದು. ದೀಪದಿಂದ ಮುಖಕ್ಕಿರುವ ದೂರ ಎರಡರಷ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಆದ್ದರಿಂದ ಹಲಗೆ ಹಿಡಿದವನ ಕೈ ಒಂದು ಗೇಣು ಆಚೀಚೆಯಾದರೂ ಮುಖದ ಭಾವ ಬದಲಾಗುತ್ತದೆ. ಮೃದುವಾಗಿದ್ದ ಕೆನ್ನೆ ಗುಳಿಬಿದ್ದಂತೆ ಕಾಣುತ್ತದೆ, ಕಣ್ಣಿನಲ್ಲಿ ಹೊಳೆಯುವ ಚುಕ್ಕೆ ಮಾಯವಾಗುತ್ತದೆ. ಕ್ಯಾಮೆರಾದ ಹಿಂದಿರುವವನ ಕಣ್ಣು ಒಂದು ಸಣ್ಣ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ. ಪಕ್ಕದಲ್ಲಿ ನಿಂತವನಿಗೆ ಮಾತ್ರ ಇಡೀ ಮನುಷ್ಯ ಕಾಣುತ್ತಾನೆ. ಮಡಚಿಹೋದ ಕಾಲರು, ಹಣೆಯ ಮೇಲಿನ ಬೆವರು, ಮಡಿಲಲ್ಲಿ ಒಂದನ್ನೊಂದು ಹಿಸುಕುತ್ತಿರುವ ಬೆರಳು, ಎಲ್ಲವೂ ಅವನಿಗೆ ಗೋಚರ. ಎಷ್ಟೋ ಸಲ ಕುಳಿತವರ ಬಿಗುಮಾನ ಸಡಿಲವಾಗುವುದು ಅವನ ಒಂದು ಮಾತಿನಿಂದ. ದೀಪ ಹೊಂದಿಸುವಾಗ ಕುರ್ಚಿಯಲ್ಲಿ ಗಳಿಗೆಗಟ್ಟಲೆ ಗೊಂಬೆಯಂತೆ ಕುಳಿತು ಪರೀಕ್ಷೆಗೆ ಒದಗುವವನೂ ಅವನೇ. ಇಷ್ಟು ಮಾಡಿದವನನ್ನು "ಕೈಯಾಳು" ಎಂದು ಕರೆದರೆ ಸತ್ಯಕ್ಕೆ ದೂರವಾದೀತು.

ಹಾಗಾದರೆ ಚಿತ್ರ ಯಾರದು? ಕಾನೂನನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಎಂದರೆ ಆ ಚಿತ್ರವನ್ನು ತೆಗೆದ ವ್ಯಕ್ತಿ. ಯಾರಾದರೂ ಹಣ ಕೊಟ್ಟು ತಮಗಾಗಿ ಚಿತ್ರ ತೆಗೆಸಿಕೊಂಡಿದ್ದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ ಹಕ್ಕಿನ ಮೊದಲ ಒಡೆಯರು ಅವರು. ತೆಗೆದವನುಂಟು, ತೆಗೆಸಿಕೊಂಡವನುಂಟು; ಬೆಳಕು ಹಿಡಿದವನ ಮಾತೇ ಅಲ್ಲಿಲ್ಲ.

ಕಾನೂನು ಹೀಗೆ ಹೇಳುವುದು ತಪ್ಪೆಂದು ನಾವು ವಾದಿಸುವುದಿಲ್ಲ. ಯಾವ ಕೆಲಸಕ್ಕೂ ಹೊಣೆ ಒಂದು ಕಡೆ ನಿಲ್ಲಬೇಕು. ನೂರು ಕ್ಷಣಗಳಲ್ಲಿ ಈ ಕ್ಷಣವೇ ಸರಿ ಎಂದು ತೀರ್ಮಾನಿಸಿದವನು ಒಬ್ಬ. ಚಿತ್ರ ಕೆಟ್ಟರೆ ಬೈಸಿಕೊಳ್ಳುವವನೂ ಅವನೇ, ಹಲಗೆ ಹಿಡಿದವನಲ್ಲ. ಬೈಗುಳದಲ್ಲಿ ಪಾಲು ಬೇಡವೆನ್ನುವವನು ಹೊಗಳಿಕೆಯಲ್ಲಿ ಸರಿಪಾಲು ಕೇಳುವುದು ಹೇಗೆ? ಈ ತರ್ಕ ಗಟ್ಟಿಯಾದುದೇ. ಆದರೆ ಕಾನೂನು ಉತ್ತರಿಸುವುದು ಒಡೆತನದ ಪ್ರಶ್ನೆಯನ್ನು. ನಾವು ಕೇಳುತ್ತಿರುವುದು ಋಣದ ಪ್ರಶ್ನೆಯನ್ನು. ಒಡೆತನವೂ ಋಣವೂ ಬೇರೆಬೇರೆ. ಒಂದು ವಸ್ತು ಸಂಪೂರ್ಣವಾಗಿ ನನ್ನದೇ ಆಗಿರಬಹುದು. ಆದರೂ ಅದಕ್ಕಾಗಿ ನಾನು ನಾಲ್ವರಿಗೆ ಋಣಿಯಾಗಿರಬಹುದು. ಒಡೆತನ ಪತ್ರದಲ್ಲಿ ಮುಗಿಯುತ್ತದೆ, ಋಣ ಪತ್ರದಲ್ಲಿ ಮುಗಿಯುವುದಿಲ್ಲ. ಇವೆರಡನ್ನು ಬೆರೆಸಿಬಿಡುವುದರಿಂದಲೇ ಲೋಕದ ಎಷ್ಟೋ ಜಗಳಗಳು ಹುಟ್ಟುತ್ತವೆ.

ಛಾಯಾಗ್ರಹಣದ ಚರಿತ್ರೆಯಲ್ಲೇ ಇದಕ್ಕೆ ನಿದರ್ಶನಗಳಿವೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಮ್ಯಾಥ್ಯೂ ಬ್ರಾಡಿ ಎಂಬ ಹೆಸರಾಂತ ಸ್ಟುಡಿಯೋ ಮಾಲೀಕನಿದ್ದ. 1862ರಲ್ಲಿ ಆಂಟಿಯೆಟಂ ರಣಭೂಮಿಯ ಶವಗಳ ಚಿತ್ರಗಳು ನ್ಯೂಯಾರ್ಕಿನ ಅವನ ಗ್ಯಾಲರಿಯಲ್ಲಿ ಪ್ರದರ್ಶಿತವಾದಾಗ ಜನ ಬೆಚ್ಚಿಬಿದ್ದರು. ಜನರ ಬಾಯಲ್ಲಿದ್ದ ಹೆಸರು ಬ್ರಾಡಿಯದು. ಆದರೆ ರಣರಂಗಕ್ಕೆ ಹೋಗಿ ಚಿತ್ರ ತೆಗೆದವರು ಅವನ ಬಳಿ ಕೆಲಸ ಮಾಡುತ್ತಿದ್ದ ಅಲೆಕ್ಸಾಂಡರ್ ಗಾರ್ಡ್‌ನರ್ ಮತ್ತು ಅವನ ಜೊತೆಗಾರ. ಕೆಲಕಾಲದಲ್ಲೇ ಗಾರ್ಡ್‌ನರ್ ಬೇರೆಯಾಗಿ ಸ್ವಂತ ಸ್ಟುಡಿಯೋ ತೆರೆದ. 1866ರಲ್ಲಿ ಅವನು ಯುದ್ಧದ 100 ಚಿತ್ರಗಳ ಸಂಪುಟಗಳನ್ನು ಹೊರತಂದಾಗ ಒಂದು ಹೊಸ ಪದ್ಧತಿಯನ್ನು ಪಾಲಿಸಿದ. ಪ್ರತಿ ಚಿತ್ರದ ಕೆಳಗೆ ನೆಗೆಟಿವ್ ತೆಗೆದವರು ಯಾರು, ಅದರಿಂದ ಪ್ರತಿ ಮುದ್ರಿಸಿದವರು ಯಾರು ಎಂದು ನಮೂದಿಸಿದ. ಟಿಮೊತಿ ಓಸಲಿವನ್ ಎಂಬ ಛಾಯಾಗ್ರಾಹಕನ ಹೆಸರು ಅಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಪುಸ್ತಕ ಗಾರ್ಡ್‌ನರನದೇ, ಒಡೆತನ ಅವನದೇ. ಹೆಸರು ಹೇಳಿದ್ದರಿಂದ ಅವನ ಒಡೆತನಕ್ಕೆ ಒಂದು ಕೂದಲಷ್ಟೂ ಕುಂದಾಗಲಿಲ್ಲ. ಋಣವನ್ನು ಒಪ್ಪಿಕೊಂಡರೆ ಆಸ್ತಿ ಕರಗುತ್ತದೆಂಬ ಭಯ ಎಷ್ಟು ಹುಸಿ ಎಂಬುದು ಇದರಿಂದ ತಿಳಿಯುತ್ತದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಮುಂಬಯಿಯಲ್ಲೇ 1857ರಲ್ಲಿ ಸ್ಥಾಪಿತವಾದ ಸರ್ ಜೆ.ಜೆ. ಕಲಾಶಾಲೆಯಿದೆ. ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರರು ಕಲಿತದ್ದೂ ಮುಂದೆ ಕಲಿಸಿದ್ದೂ ಅಲ್ಲಿಯೇ ಎಂಬುದರಿಂದ ಕನ್ನಡಿಗರಿಗೆ ಆ ಶಾಲೆ ಪರಕೀಯವಲ್ಲ. 1930ರ ದಶಕದಲ್ಲಿ ಹೋಮಾಯಿ ಎಂಬ ಪಾರ್ಸಿ ತರುಣಿ ಅಲ್ಲಿ ಓದುತ್ತಿದ್ದಳು. ಅವಳಿಗೆ ಕ್ಯಾಮೆರಾ ವಿದ್ಯೆಯನ್ನು ಕಲಿಸಿದವನು, ಮುಂದೆ ಅವಳ ಪತಿಯಾದ ಮಾಣೇಕ್‌ಷಾ ವ್ಯಾರಾವಾಲಾ. ಅವಳ ಆರಂಭದ ಚಿತ್ರಗಳಲ್ಲಿ ಕಾಣುವವರು ಅವಳ ಸಹಪಾಠಿಗಳೇ. ಅದರಲ್ಲೂ ರೆಹಾನಾ ಮೊಗಲ್ ಎಂಬ ಗೆಳತಿ. ಒಬ್ಬಳು ಕಲಿಯುತ್ತಾಳೆ, ಇನ್ನೊಬ್ಬಳು ಅವಳ ಕಲಿಕೆಗಾಗಿ ಕ್ಯಾಮೆರಾದ ಮುಂದೆ ನಿಲ್ಲುತ್ತಾಳೆ. ಇಂದು ನಮ್ಮ ಮಕ್ಕಳ ತರಗತಿಯಲ್ಲಿ ನಡೆಯುವುದೂ ಇದೇ. ಇಲ್ಲಿ ಗಮನಿಸಬೇಕಾದ ಒಂದು ವಿಪರ್ಯಾಸವಿದೆ. ಹೋಮಾಯಿ ತೆಗೆದ ಮೊದಮೊದಲ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾದುದು ಮಾಣೇಕ್‌ಷಾ ಹೆಸರಿನಲ್ಲಿ. ಅವಳು ಹೊಸಬಳು, ಮೇಲಾಗಿ ಹೆಂಗಸು. ಪತ್ರಿಕಾರಂಗದಲ್ಲಿ ಗುರುತಿದ್ದುದು ಅವನಿಗೆ. 1942ರಲ್ಲಿ ಅವರು ದಿಲ್ಲಿಗೆ ತೆರಳಿದರು. ಸ್ವಾತಂತ್ರ್ಯದ ಮುಂಚಿನ ಮತ್ತು ಆನಂತರದ ದಿನಗಳನ್ನು ಸೆರೆಹಿಡಿದ ಆಕೆ ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದರು. 2011ರಲ್ಲಿ ಪದ್ಮವಿಭೂಷಣ ಬಂತು. 2012ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇದರಿಂದ ನಮಗೊಂದು ಸೂಕ್ಷ್ಮ ತಿಳಿಯಬೇಕು. ಹೆಸರು ಬಿಟ್ಟುಹೋಗುವುದು ಎರಡು ಬಗೆ. ಕೆಲಸದ ಸ್ವಭಾವದಿಂದಲೇ ಬಿಟ್ಟುಹೋಗುವುದು ಒಂದು ಬಗೆ. ಬೆಳಕು ಹಿಡಿದವನು ಚೌಕಟ್ಟಿನ ಹೊರಗೇ ಇರಬೇಕು, ಒಳಗೆ ಬಂದರೆ ಚಿತ್ರವೇ ಕೆಡುತ್ತದೆ. ಇದರಲ್ಲಿ ಅನ್ಯಾಯವಿಲ್ಲ. ಕೆಲಸ ಮಾಡಿದವರು ಹೆಂಗಸೆಂದೋ ಬಡವರೆಂದೋ ಹೊರಗಿನವರೆಂದೋ ಹೆಸರು ಬಿಡುವುದು ಇನ್ನೊಂದು ಬಗೆ. ಇದರಲ್ಲಿ ಅನ್ಯಾಯವಿದೆ, ಅದನ್ನು ಪ್ರೀತಿಯಿಂದ ಮಾಡಿದರೂ ಅನ್ಯಾಯವೇ. ಇವೆರಡನ್ನು ಬೇರ್ಪಡಿಸುವ ಸುಲಭದ ಪರೀಕ್ಷೆಯೊಂದಿದೆ. ಸರದಿ ತಿರುಗುತ್ತದೆಯೇ ಎಂದು ನೋಡಬೇಕು. ಇಂದು ಅವಳಿಗೆ ನಾನು ಹಲಗೆ ಹಿಡಿದೆ, ನಾಳೆ ನನಗೆ ಅವಳು ಹಿಡಿಯುತ್ತಾಳೆ ಎಂದಿದ್ದರೆ ಅದು ಸಹಪಾಠ. ಯಾವಾಗಲೂ ಒಬ್ಬಳೇ ಹಿಡಿಯುತ್ತಾಳೆ, ಯಾವಾಗಲೂ ಇನ್ನೊಬ್ಬಳೇ ಕ್ಲಿಕ್ಕಿಸುತ್ತಾಳೆ ಎಂದಾದರೆ ಅದಕ್ಕೆ ಬೇರೆ ಹೆಸರಿಡಬೇಕಾಗುತ್ತದೆ. ಆದ್ದರಿಂದ ಮಗಳು ಲೈಟು ಹಿಡಿದು ಬಂದಾಗ ತಂದೆ ಕೇಳಬೇಕಾದ ಪ್ರಶ್ನೆ "ಯಾಕೆ ಹಿಡಿದೆ?" ಎಂಬುದಲ್ಲ, "ನಿನ್ನ ಸರದಿ ಯಾವಾಗ?" ಎಂಬುದು.

ಇಲ್ಲಿ ಹಿರಿಯರೊಬ್ಬರು ಆಕ್ಷೇಪಿಸಬಹುದು. "ನಮ್ಮ ಸಂಸ್ಕೃತಿ ಫಲಾಪೇಕ್ಷೆಯಿಲ್ಲದೆ ಕೆಲಸ ಮಾಡು ಎನ್ನುತ್ತದೆ. ಹೆಸರಿನ ಹಂಬಲ ಅಹಂಕಾರದ ಇನ್ನೊಂದು ರೂಪ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು. ಮಕ್ಕಳಿಗೆ ಕ್ರೆಡಿಟ್ಟಿನ ಲೆಕ್ಕ ಕಲಿಸಿದರೆ ಸ್ನೇಹವೇ ವ್ಯಾಪಾರವಾದೀತು." ಈ ಮಾತಿನಲ್ಲಿ ತೂಕವಿದೆ. ಕೊಟ್ಟದ್ದನ್ನೆಲ್ಲ ಬರೆದಿಟ್ಟುಕೊಳ್ಳುವವನ ಮನಸ್ಸು ಕಿರಿದಾಗುತ್ತದೆ ಎಂಬುದು ನಮ್ಮೆಲ್ಲರ ಅನುಭವ.

ಆದರೆ ನಮ್ಮ ನಾಡಿನ ಶಿಲ್ಪಿಗಳು ಏನು ಮಾಡಿದರು ನೋಡೋಣ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಮೂರ್ತಿಗಳ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹಲವು ವಿಗ್ರಹಗಳ ಕೆಳಗಿದೆ. ದೇವರ ಕೆಲಸದಲ್ಲಿಯೇ ಹೆಸರು ಬರೆಯುವುದನ್ನು ಅವರು ಅಹಂಕಾರವೆಂದು ತಿಳಿಯಲಿಲ್ಲ. ಬರೆಯಗೊಟ್ಟ ದೊರೆಯೂ ತಿಳಿಯಲಿಲ್ಲ. ಇದು ನನ್ನ ಕೈಕೆಲಸ, ಇದಕ್ಕೆ ನಾನು ಹೊಣೆ ಎಂಬ ಪ್ರಾಮಾಣಿಕತೆ ಅದರಲ್ಲಿದೆ. ಆ ಕಲ್ಲನ್ನು ಬಂಡಿಯಲ್ಲಿ ತಂದವರ, ಉಳಿಗೆ ಮೊನೆ ಹಚ್ಚಿಕೊಟ್ಟವರ ಹೆಸರು ಅಲ್ಲಿಲ್ಲ ಎಂಬುದೂ ನಿಜವೇ. ನಮ್ಮ ಸಂಸ್ಕೃತಿ ಹೆಸರನ್ನು ಪೂರ್ತಿ ಬೇಡವೆಂದಿಲ್ಲ, ಪೂರ್ತಿ ಹಂಚಿಯೂ ಇಲ್ಲ.

ನಿಷ್ಕಾಮದ ಬಗೆಗೆ ನಮಗೆ ತೋರುವುದು ಇಷ್ಟು. ನಿಷ್ಕಾಮವು ನಾವು ನಮಗೇ ವಿಧಿಸಿಕೊಳ್ಳಬೇಕಾದ ನಿಯಮ, ಇನ್ನೊಬ್ಬರಿಗೆ ವಿಧಿಸುವ ನಿಯಮವಲ್ಲ. ಹಲಗೆ ಹಿಡಿದವನು ತಾನಾಗಿ "ನನ್ನ ಹೆಸರು ಬೇಡ" ಎಂದರೆ ಅದು ಹಿರಿತನ. ಕ್ಲಿಕ್ಕಿಸಿದವನು ಅವನಿಗೆ "ಹೆಸರಿನ ಆಸೆ ಬಿಡು" ಎಂದು ಉಪದೇಶಿಸಿದರೆ ಅದು ಹಿರಿತನದ ವೇಷ ತೊಟ್ಟ ಜಿಪುಣತನ. ಲೋಕದಲ್ಲಿ ನಿಸ್ವಾರ್ಥದ ಉಪದೇಶ ಹೆಚ್ಚಾಗಿ ಬರುವುದು ಹೆಸರು ಪಡೆದವರ ಬಾಯಿಂದ, ಹೆಸರಿಲ್ಲದವರ ಕಿವಿಗೆ. ಆದಕಾರಣ ನಿಯಮವನ್ನು ಹೀಗೆ ಹಂಚಿಕೊಳ್ಳುವುದು ಸರಿ. ನೆರವು ಕೊಟ್ಟವನು ಮರೆಯಬಹುದು, ಮರೆತರೆ ಒಳ್ಳೆಯದು. ನೆರವು ಪಡೆದವನು ಮರೆಯಕೂಡದು. ಇಬ್ಬರೂ ಲೆಕ್ಕ ಇಟ್ಟರೆ ವ್ಯಾಪಾರ, ಇಬ್ಬರೂ ಮರೆತರೆ ಅನಾಗರಿಕತೆ.

ಇದುವರೆಗೆ ನೆರವಿನವನಿಗೆ ಸಲ್ಲಬೇಕಾದುದರ ಮಾತಾಯಿತು. ಅವನು ಸಲ್ಲಿಸಬೇಕಾದುದೂ ಇದೆ. ಇಬ್ಬರು ಸಹಪಾಠಿಗಳೆಂದರೆ ಒಂದು ಅರ್ಥದಲ್ಲಿ ಪ್ರತಿಸ್ಪರ್ಧಿಗಳು ಕೂಡ. ಒಂದೇ ಪರೀಕ್ಷೆ, ಒಂದೇ ಬಹುಮಾನ, ನಾಳೆ ಬಹುಶಃ ಒಂದೇ ನೌಕರಿ. ಗೆಳೆಯನ ಚಿತ್ರದಲ್ಲಿ ಮೂಗಿನ ನೆರಳು ತುಟಿಯ ಮೇಲೆ ಬಿದ್ದು ಮೀಸೆಯಂತೆ ಕಾಣುತ್ತಿದೆ, ಅವನು ಗಮನಿಸಿಲ್ಲ, ಪಕ್ಕದಲ್ಲಿ ನಿಂತ ನಾನು ಗಮನಿಸಿದ್ದೇನೆ ಎಂದುಕೊಳ್ಳೋಣ. ಹೇಳಬೇಕೇ, ಸುಮ್ಮನಿರಬೇಕೇ? ಸುಮ್ಮನಿದ್ದರೆ ಯಾವ ಕಾಯಿದೆಯೂ ನನ್ನನ್ನು ಹಿಡಿಯುವುದಿಲ್ಲ.

ಮಹಾಭಾರತದಲ್ಲಿ ಇಬ್ಬರು ಸಾರಥಿಗಳಿದ್ದಾರೆ. ಅರ್ಜುನನ ರಥಕ್ಕೆ ಕೃಷ್ಣ, ಕರ್ಣನ ರಥಕ್ಕೆ ಶಲ್ಯ. ಇಬ್ಬರೂ ಹಿಡಿದದ್ದು ಲಗಾಮನ್ನೇ, ಇಬ್ಬರೂ ಬಾಣ ಬಿಟ್ಟವರಲ್ಲ. ಶಲ್ಯ ಕುದುರೆಗಳನ್ನು ಚೆನ್ನಾಗಿಯೇ ಓಡಿಸಿದ. ಆದರೆ ದಾರಿಯುದ್ದಕ್ಕೂ ಕರ್ಣನನ್ನು ಹಳಿದು, ಹಂಗಿಸಿ ಅವನ ಧೈರ್ಯ ಕುಗ್ಗಿಸಿದ. ಕೈ ಜೊತೆಗಿದ್ದು ಮನಸ್ಸು ಎದುರು ಪಕ್ಷದಲ್ಲಿದ್ದರೆ ಆಗುವುದು ಹೀಗೆ. ಯಾರಿಗಾದರೂ ನೆರವಾಗಲು ಒಪ್ಪಿಕೊಂಡ ಮೇಲೆ ಅರ್ಧ ಮನಸ್ಸಿನ ನೆರವು ಕೊಡುವುದಕ್ಕಿಂತ "ಇವತ್ತು ಆಗದು" ಎಂದುಬಿಡುವುದೇ ಪ್ರಾಮಾಣಿಕತೆ. ಕಂಡದ್ದನ್ನು ಹೇಳಬೇಕು. ಹೇಳಿದ ಮೇಲೆ ಬಿಟ್ಟುಬಿಡಬೇಕು. ಅದೂ ಅಷ್ಟೇ ಮುಖ್ಯ. "ಸರಿ, ನಾನೇ ತೋರಿಸುತ್ತೇನೆ" ಎಂದು ಕ್ಯಾಮೆರಾವನ್ನೇ ಕಿತ್ತುಕೊಳ್ಳುವ ಸಹಾಯಕರೂ ಉಂಟು. ಅವರು ಚಿತ್ರವನ್ನು ಉಳಿಸಿ ಕಲಿಯುವವನನ್ನು ಕೊಲ್ಲುತ್ತಾರೆ. ಕೃಷ್ಣ ಹೇಳುವುದನ್ನೆಲ್ಲ ಹೇಳಿ ಕೊನೆಗೆ, ಯೋಚಿಸಿ ನಿನಗೆ ತೋಚಿದಂತೆ ಮಾಡು ಎಂದು ಅರ್ಜುನನಿಗೇ ಬಿಟ್ಟನಷ್ಟೆ? ನೆರವಿಗೂ ಆಕ್ರಮಣಕ್ಕೂ ನಡುವಿನ ಗೆರೆ ಅಲ್ಲಿದೆ.

ಆದರೆ ಈ ಬಿಟ್ಟುಬಿಡುವಿಕೆಗೆ ಒಂದು ಮೇರೆಯಿದೆ. ಸ್ಟುಡಿಯೋದಲ್ಲಿ ಇರುವವರು ಇಬ್ಬರಲ್ಲ, ಮೂವರು. ಕುರ್ಚಿಯ ಮೇಲೆ ಕುಳಿತವರನ್ನು ಮರೆಯಬಾರದು. ಮೇಲೆ ಹೊಗಳಿದ ಗಾರ್ಡ್‌ನರನ ಪುಸ್ತಕದಲ್ಲೇ ಒಂದು ಚಿತ್ರವಿದೆ. 1863ರ ಗೆಟ್ಟಿಸ್‌ಬರ್ಗ್ ಯುದ್ಧದ ನಂತರ ಕಲ್ಲಿನ ಗೋಡೆಯ ಮರೆಯಲ್ಲಿ ಸತ್ತು ಬಿದ್ದಿರುವ ಸೈನಿಕನ ಚಿತ್ರ. ಆ ಶವವನ್ನು ಬೇರೆ ಕಡೆಯಿಂದ ಹೊತ್ತು ತಂದು ಅಲ್ಲಿಟ್ಟು ಚಿತ್ರ ತೆಗೆದರೆಂದು ವಿಲಿಯಂ ಫ್ರಾಸನಿಟೊ ಎಂಬ ಇತಿಹಾಸಕಾರ 1975ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟ. ಜೊತೆಗಾರರ ಹೆಸರನ್ನು ಅಷ್ಟು ನಿಷ್ಠೆಯಿಂದ ಬರೆದ ಮನುಷ್ಯ, ಎದುರು ಬಿದ್ದಿದ್ದ ಹೆಣದ ವಿಷಯದಲ್ಲಿ ಆ ನಿಷ್ಠೆ ತೋರಲಿಲ್ಲ. ತಮ್ಮೊಳಗೆ ನ್ಯಾಯವಾಗಿ ಹಂಚಿಕೊಳ್ಳುವ ತಂಡ ಹೊರಗಿನವರಿಗೆ ಅನ್ಯಾಯ ಮಾಡಬಲ್ಲದು. ಒಳ್ಳೆಯ ಗೆಳೆತನವೊಂದೇ ಸಾಲದು.

ನಮ್ಮ ನಡುವೆ ಇದರ ರೂಪ ಬೇರೆ. ಮದುವೆಗೆ ಬಂದ ಹುಡುಗಿಯ ಫೋಟೋ ತೆಗೆಸುವಾಗ "ಸ್ವಲ್ಪ ಬೆಳ್ಳಗೆ ಕಾಣುವಂತೆ ಮಾಡಿ" ಎಂದು ಹೇಳುವ ವಾಡಿಕೆ ನಮ್ಮ ಮನೆಗಳಲ್ಲಿ ಇತ್ತು, ಪೂರ್ತಿ ಹೋಗಿಲ್ಲ. ಹಿಂದೆ ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸಿ ಮಾಡುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ಕ್ಷಣದ ಕೆಲಸ. ವಿದ್ಯಾರ್ಥಿಯೂ ಒಳ್ಳೆಯ ಮಾರ್ಕಿನ ಆಸೆಗೆ ಕಪ್ಪು ಮುಖದ ಮೇಲೆ ಬೆಳಕು ಸುರಿಸಿ ಅದರ ಬಣ್ಣವನ್ನೇ ತೊಳೆದುಹಾಕಬಹುದು. ಇಲ್ಲವೆ ಸಂಕೋಚಪಡುತ್ತಿರುವ ಹುಡುಗಿಯನ್ನು ಅವಳಿಗೊಪ್ಪದ ಭಂಗಿಯಲ್ಲಿ ಕೂರಿಸಬಹುದು. ಆ ಹುಡುಗಿಯ ಬೆರಳುಗಳು ಹಿಸುಕಿಕೊಳ್ಳುತ್ತಿರುವುದು ಕಾಣುವುದು ಪಕ್ಕದಲ್ಲಿ ನಿಂತವನಿಗೆ ಎಂದು ಆಗಲೇ ಹೇಳಿದೆವು. ಕಂಡವನಿಗೆ ಹೊಣೆಯುಂಟು. ಅಲ್ಲಿ ಅವನ ನಿಷ್ಠೆ ಗೆಳೆಯನ ಕಡೆಗಲ್ಲ, ಕುಳಿತವಳ ಕಡೆಗೆ. "ಸಾಕು ಮಾರಾಯ, ಆಕೆಗೆ ಸರಿಬರುತ್ತಿಲ್ಲ" ಎನ್ನುವ ಧೈರ್ಯವಿಲ್ಲದ ಸಹಾಯಕ ಎಷ್ಟು ಚೆನ್ನಾಗಿ ದೀಪ ಹಿಡಿದರೂ ಪ್ರಯೋಜನವಿಲ್ಲ. ಹೆಸರಿನಲ್ಲಿ ಪಾಲು ಕೇಳುವವನು ಹೊಣೆಯಲ್ಲಿ ಪಾಲು ಪಡೆಯುವುದು ಹೀಗೆ. ಬೈಗುಳದಲ್ಲಿ ಪಾಲಿಲ್ಲದವನಿಗೆ ಹೊಗಳಿಕೆಯಲ್ಲಿ ಪಾಲುಂಟೇ ಎಂದು ಮೊದಲು ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುತ್ತದೆ.

ಇಷ್ಟೆಲ್ಲ ವಿಚಾರವನ್ನು ಫೋಟೋ ಕಲಿಯುವ ಮಕ್ಕಳಿಗೆ ಮಾತ್ರ ಅನ್ವಯಿಸಿ ಸುಮ್ಮನಾಗಲು ನಮಗೆ ಸಾಧ್ಯವಿಲ್ಲ. ಏಕೆಂದರೆ ಊರು ಬಿಟ್ಟು ಬಂದ ನಮ್ಮೆಲ್ಲರ ಬದುಕು ಇದೇ ರೀತಿಯದು. ನಮ್ಮ ಹಿರಿಯರಲ್ಲಿ ಅನೇಕರು ಈ ನಗರಕ್ಕೆ ಬಂದದ್ದು ಯಾರದೋ ಕೈಕೆಳಗಿನ ಸಹಾಯಕರಾಗಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರ ಸಂಖ್ಯೆ ದೊಡ್ಡದು. ಬಿಲ್ಲವರ ಅಸೋಸಿಯೇಶನ್ ನಡೆಸಿದ ಗುರುನಾರಾಯಣ ರಾತ್ರಿ ಶಾಲೆಯಂಥವು ಎಷ್ಟು ಜನರ ಪಾಲಿಗೆ ದೀಪವಾದವೆಂಬುದು ಮುಂಬಯಿ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಆ ಹುಡುಗರನ್ನು ಸಂಜೆ ಆರು ಗಂಟೆಗೆ ಶಾಲೆಗೆ ಬಿಟ್ಟುಕೊಟ್ಟ ಹೋಟೆಲ್ ಮಾಲೀಕರಿದ್ದರು. ಅವರ ಪಾಳಿಯ ಕೆಲಸವನ್ನೂ ತಾವೇ ಮಾಡಿದ ಜೊತೆಯ ಹುಡುಗರಿದ್ದರು. ಪಾಸಾದವನ ಹೆಸರು ಸರ್ಟಿಫಿಕೇಟಿನಲ್ಲಿದೆ. ಪಾಳಿ ಮಾಡಿದವನ ಹೆಸರು?

ಕಲೆಯ ಲೋಕದಲ್ಲೂ ಹೀಗೆಯೇ. ಕಲಬುರ್ಗಿಯಿಂದ ಬಂದ ಎಸ್.ಎಂ. ಪಂಡಿತರ ಹೆಸರು ಸಿನಿಮಾ ಚಿತ್ರಫಲಕಗಳಿಂದಲೂ ಪುರಾಣಚಿತ್ರಗಳಿಂದಲೂ ದೇಶದಲ್ಲೆಲ್ಲ ಹರಡಿತು. ಅವರಿಗೆ ಮುಂಬಯಿಯಲ್ಲಿ ಪಾಠ ಹೇಳಿದ, ನೂತನ ಕಲಾ ಮಂದಿರದ ದಂಡಾವತಿಮಠರ ಹೆಸರು ಇಂದು ನಮ್ಮಲ್ಲಿ ಎಷ್ಟು ಮಂದಿಯ ನಾಲಗೆಯ ಮೇಲಿದೆ?

ಇನ್ನೂ ಹತ್ತಿರಕ್ಕೆ ಬರೋಣ. ಅಣ್ಣ ಮುಂಬಯಿಗೆ ಬಂದು ಓದಿ, ನೌಕರಿ ಹಿಡಿದು, ಫ್ಲ್ಯಾಟು ಮಾಡಿ, ಸಂಘದ ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುತ್ತಾನೆ. ತಮ್ಮ ಊರಿನಲ್ಲಿ ಉಳಿದು ಗದ್ದೆ ನೋಡಿಕೊಂಡು, ತಂದೆತಾಯಿಗಳ ಔಷಧ, ಆಸ್ಪತ್ರೆ, ಕೊನೆಗಾಲ ಎಲ್ಲವನ್ನೂ ನೋಡಿದ್ದಾನೆ. ಅವನು ಅಲ್ಲಿ ಉಳಿದುದರಿಂದಲೇ ಇವನು ಇಲ್ಲಿ ಬೆಳೆದ. ಪಾಲುಪಟ್ಟಿಯ ದಿನ ಬಂದಾಗ ಕಾನೂನು ಇಬ್ಬರಿಗೂ ಸಮಪಾಲು ಎನ್ನುತ್ತದೆ. ಅಣ್ಣ "ಕಾನೂನಿನಂತೆ ಆಗಲಿ" ಎನ್ನುತ್ತಾನೆ. ಒಡೆತನದ ಲೆಕ್ಕ ಸರಿಯಾಗಿದೆ, ಋಣದ ಲೆಕ್ಕ ತೆರೆಯಲೇ ಇಲ್ಲ. ತಮ್ಮನ ಮುನಿಸಿಗೆ ಕಾರಣ ಅರ್ಧ ಎಕರೆ ಭೂಮಿಯಲ್ಲದೆ ಇರಬಹುದು. "ನೀನು ಇಲ್ಲಿ ಇದ್ದುದರಿಂದ ನಾನು ಅಲ್ಲಿ ಆದೆ" ಎಂಬ ಒಂದು ಮಾತು ಅಣ್ಣನ ಬಾಯಿಂದ ಹೊರಡಲಿಲ್ಲ ಎಂಬುದೇ ಇರಬಹುದು. ಆ ಮಾತಿಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಬೇಕಿಲ್ಲ. ಆದರೂ ಎಷ್ಟು ಕುಟುಂಬಗಳಲ್ಲಿ ಅದನ್ನು ಆಡದೆ ಎರಡು ತಲೆಮಾರು ಕಳೆದಿವೆ!

ಮನೆಯ ಹೆಂಗಸರ ಮಾತು ಬೇರೆ ಹೇಳಬೇಕೇ? ಬೆಳಗಿನ ನಾಲ್ಕು ಗಂಟೆಗೆ ನಲ್ಲಿಯ ನೀರು ತುಂಬಿಸಿ, ಐದೂವರೆಗೆ ಡಬ್ಬಿ ಕಟ್ಟಿದವರು ಯಾರ ಯಶಸ್ಸಿನ ಚಿತ್ರದಲ್ಲೂ ಕಾಣುವುದಿಲ್ಲ. ಸರದಿ ತಿರುಗಿತೇ ಎಂಬ ಪರೀಕ್ಷೆಯನ್ನು ಇಲ್ಲಿ ಹಚ್ಚಿದರೆ ನಮ್ಮಲ್ಲಿ ಹಲವರಿಗೆ ಉತ್ತರ ಹೇಳುವುದು ಕಷ್ಟವಾದೀತು.

ಹಾಗೆಂದು ಎಲ್ಲರ ಹೆಸರನ್ನೂ ಎಲ್ಲ ಕಡೆಯೂ ಬರೆಯಲು ಹೊರಟರೆ ಸಿನಿಮಾದ ಕೊನೆಯಲ್ಲಿ ಉರುಳುವ ಪಟ್ಟಿಯಂತಾಗುತ್ತದೆ. ಯಾರೂ ಓದುವುದಿಲ್ಲ, ಜನ ಎದ್ದು ಹೊರಡುತ್ತಾರೆ. ಒಂದು ಮಿತಿ ಬೇಕು. ಯಾರು ಇಲ್ಲದಿದ್ದರೆ ಈ ಕೆಲಸ ಇದೇ ಕೆಲಸವಾಗುತ್ತಿರಲಿಲ್ಲವೋ ಅವರ ಹೆಸರನ್ನು ಹೇಳಬೇಕು. ಬೇರೆ ಯಾರು ಬಂದಿದ್ದರೂ ನಡೆಯುತ್ತಿತ್ತು ಎನ್ನುವಂಥ ನೆರವನ್ನು ಸರದಿಯಿಂದ ತೀರಿಸಬೇಕು. ವಿದ್ಯಾರ್ಥಿಗಳು ತಮ್ಮ ಚಿತ್ರದ ಹಿಂಬದಿಯಲ್ಲಿ, ಬೆಳಕಿಗೆ ಇಂಥವರು ನೆರವಾದರು ಎಂದು ಒಂದು ಸಾಲು ಬರೆದರೆ ಮಾರ್ಕು ಕಡಿಮೆಯಾಗುವುದಿಲ್ಲ. ನಮ್ಮ ಸಂಘಗಳ ಸ್ಮರಣ ಸಂಚಿಕೆಗಳೂ ಈ ಪಾಠವನ್ನು ಕಲಿಯಬಹುದು. "ಎಡದಿಂದ ಬಲಕ್ಕೆ" ಎಂದು ಕುಳಿತವರ ಹೆಸರನ್ನೆಲ್ಲ ಅಚ್ಚುಹಾಕುತ್ತೇವೆ; ಚಿತ್ರ ತೆಗೆದವರ ಹೆಸರೇ ಎಷ್ಟೋ ಸಲ ಇರುವುದಿಲ್ಲ, ಕುರ್ಚಿ ಜೋಡಿಸಿದವರ ಮಾತು ಹಾಗಿರಲಿ.

ಇಷ್ಟು ಮಾಡಿದರೂ ತೀರದ ಋಣವೊಂದು ಉಳಿಯುತ್ತದೆ. ನಮಗೆ ಬೆಳಕು ಹಿಡಿದವರಲ್ಲಿ ಎಷ್ಟೋ ಜನ ಈಗಿಲ್ಲ. ಕೆಲವರ ಹೆಸರು ನಮಗೆ ಗೊತ್ತೇ ಆಗಲಿಲ್ಲ. ಯಕ್ಷಗಾನಕ್ಕೆ ವಿದ್ಯುತ್ ದೀಪ ಬರುವ ಮುನ್ನ ರಾತ್ರಿಯಿಡೀ ದೊಂದಿ ಉರಿಸಿ ವೇಷದ ಮುಖಕ್ಕೆ ಬೆಳಕು ಕೊಟ್ಟವರ ಹೆಸರನ್ನು ಈಗ ಯಾರು ಬಲ್ಲರು? ಆದರೆ ಆ ಮೇಳಗಳಲ್ಲೊಂದು ಒಳ್ಳೆಯ ಪದ್ಧತಿಯಿತ್ತು. ಹುಡುಗರು ಮೊದಲು ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿದು ಕ್ರಮೇಣ ದೊಡ್ಡ ವೇಷಕ್ಕೆ ಬರುತ್ತಿದ್ದರು. ದೊಡ್ಡ ವೇಷದವರು ಮುಂದಿನ ಕೋಡಂಗಿಗೆ ಹೆಜ್ಜೆ ಹೇಳಿಕೊಡುತ್ತಿದ್ದರು. ಹಿಂದಿನವರಿಗೆ ತೀರಿಸಲಾಗದುದನ್ನು ಮುಂದಿನವರಿಗೆ ತೀರಿಸುವ ವ್ಯವಸ್ಥೆ ಅದು.

ಆದ್ದರಿಂದ ಮಗಳು "ಇವತ್ತು ಬರೀ ಲೈಟು ಹಿಡಿದೆ" ಎಂದು ಬೇಸರದಿಂದ ಹೇಳಿದರೆ ತಾಯಿತಂದೆಗಳು ಸಿಟ್ಟಾಗುವ ಮೊದಲು ಮೂರು ವಿಷಯ ವಿಚಾರಿಸಲಿ. ಮನಸ್ಸಿಟ್ಟು ಹಿಡಿದೆಯಾ? ಎದುರು ಕುಳಿತವರಿಗೆ ನೋವಾಗದಂತೆ ನೋಡಿಕೊಂಡೆಯಾ? ನಿನ್ನ ಸರದಿ ಬಂದಾಗ ಹಿಡಿದವರ ಹೆಸರನ್ನು ಹೇಳುತ್ತೀಯಾ? ಮೂರಕ್ಕೂ ಹೌದೆಂದರೆ ಆ ದಿನದ ಫೀಸು ವ್ಯರ್ಥವಾಗಲಿಲ್ಲ. ಆಮೇಲೆ, ಮಗಳು ಮಲಗಿದ ಮೇಲೆ, ನಾವು ನಮ್ಮನ್ನೇ ಕೇಳಿಕೊಳ್ಳಬಹುದಾದ ಪ್ರಶ್ನೆಯೂ ಒಂದುಂಟು. ಊರಿಗೆ ಒಂದು ಫೋನು ಮಾಡಿ, ಆಡದೆ ಉಳಿಸಿಕೊಂಡ ಆ ಒಂದು ಮಾತನ್ನು ಆಡಲು ನಾವು ಇನ್ನೂ ಎಷ್ಟು ವರ್ಷ ಕಾಯಬೇಕೆಂದಿದ್ದೇವೆ?